ಬಾಲಣ್ಣನಿಗೆ ಕೇಳಿಸುತ್ತಿರಲಿಲ್ಲ

ಕೆಂಗೇರಿ ಕಡೆಯವರಿಗೆ ‘ಅಭಿಮಾನ್ ಸ್ಟುಡಿಯೊ’ ಅಂದರೆ ಒಂದು ಗುರುತು, ಅಷ್ಟೇ. ಉತ್ತರಹಳ್ಳಿ ರಸ್ತೆಯಲ್ಲಿ ಬಾಡಿಗೆ ಮನೆ ಹುಡುಕುವವರು, ಪಾರ್ಸೆಲ್ ತರುವ ಹುಡುಗರು, ಆಟೊದವರು ಎಲ್ಲರೂ ‘ಅಭಿಮಾನ್ ಸ್ಟುಡಿಯೊ ಹತ್ರ’ ಅಂತಲೇ ಅಡ್ರೆಸ್ ಹೇಳುವುದು. ಊರಿನ ಬೇರೆ ಭಾಗದವರಿಗೆ ಅದು ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದ ಜಾಗ. 2009ರ ಡಿಸೆಂಬರ್ 30ರಂದು ಅವರು ತೀರಿಕೊಂಡ ಮೇಲೆ ಸ್ಟುಡಿಯೊ ಅಂದರೆ ಸಮಾಧಿ ಎಂದೇ ಆಗಿಹೋಯಿತು. 2025ರ ಆಗಸ್ಟ್‌ನಲ್ಲಿ ಆ ಸ್ಮಾರಕವನ್ನು ರಾತ್ರೋರಾತ್ರಿ ಕೆಡವಿದಾಗ ದಿನಗಟ್ಟಲೆ ಟಿವಿಯಲ್ಲಿ ಅದೇ ಸುದ್ದಿ. ಮಣ್ಣಿನ ಗುಡ್ಡೆ, ಅಳುವ ಅಭಿಮಾನಿಗಳು, ಗೇಟಿನ ಮುಂದೆ ಪೊಲೀಸರು. ಆ ಗದ್ದಲದ ನಡುವೆ ಒಂದು ಹೆಸರು ಮಾತ್ರ ಜಮೀನಿನ ಪತ್ರದಲ್ಲಿ ಬರುವ ಹೆಸರಿನ ಹಾಗೆ ಬಂದು ಹೋಗುತ್ತಿತ್ತು: ಟಿ. ಎನ್. ಬಾಲಕೃಷ್ಣ.

ನನ್ನ ಟೀಮಿನ ಹುಡುಗನೊಬ್ಬ ಊಟದ ಟೇಬಲ್‌ನಲ್ಲಿ ಕೇಳಿದ. “ಯಾರದು ಬಾಲಕೃಷ್ಣ? ಬಿಲ್ಡರ್ರಾ?”

ಬಿಲ್ಡರ್ ಅಲ್ಲ ಮಾರಾಯ. ನಮ್ಮಪ್ಪ ಅಮ್ಮನ ತಲೆಮಾರಿಗೆ ಅವರು ಬಾಲಣ್ಣ. 500ಕ್ಕೂ ಹೆಚ್ಚು ಕನ್ನಡ ಸಿನಿಮಾಗಳಲ್ಲಿ ನಟಿಸಿದವರು. ನೀವು ಹೆಸರು ಕೇಳಿರದಿದ್ದರೂ ಮುಖ ನೋಡಿಯೇ ಇರುತ್ತೀರಿ. ‘ಬಂಗಾರದ ಮನುಷ್ಯ’ದಲ್ಲಿ ರಾಜೀವನ ಜೊತೆ ನಿಲ್ಲುವ ರಾಚೂಟಪ್ಪ ನೆನಪಿದೆಯಾ? ಅವರೇ. ಒಂದು ಸಿನಿಮಾದಲ್ಲಿ ಮನೆ ಮುರಿಯುವ ಕುಯುಕ್ತಿಯ ಹಿರಿಯ, ಇನ್ನೊಂದರಲ್ಲಿ ಬಿದ್ದು ಬಿದ್ದು ನಗಿಸುವ ಪಾಪದ ಮನುಷ್ಯ. ಎರಡಕ್ಕೂ ಅದೇ ಎಳೆದೆಳೆದು ಆಡುವ ಮಾತು, ಅದೇ ಕಣ್ಣು. ಕೆಂಗೇರಿ ಹತ್ತಿರದ ಮೈಲಸಂದ್ರದಲ್ಲಿ ಅಭಿಮಾನ್ ಸ್ಟುಡಿಯೊ ಕಟ್ಟಿದವರು ಇವರು.

ಮತ್ತೆ, ಇವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಈ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪವರ್ ಪ್ರೆಸ್ ಓಡಿಸಿದವರು. ತಗಡಿನ ಹಾಳೆ ಒಳಗೆ ಹೋಗುತ್ತೆ, ಮೇಲಿಂದ ಧಡ್ ಅಂತ ಬೀಳುತ್ತೆ, ಒಂದು ತುಂಡು ಹೊರಗೆ ಬರುತ್ತೆ. ದಿನಕ್ಕೆ ಎಷ್ಟು ಸಾವಿರ ಸಲವೋ ಲೆಕ್ಕ ಇಟ್ಟವರಿಲ್ಲ. ಕಿವಿಗೆ ಹತ್ತಿ ತುರುಕಿಕೊಳ್ಳುವುದೇ ಅಲ್ಲಿನ ರಕ್ಷಣೆ. ರಿಟೈರ್ ಆಗುವ ಹೊತ್ತಿಗೆ ಟಿವಿ ಸೌಂಡ್ ಜಾಸ್ತಿಯಾಯಿತು. ಆಮೇಲೆ ಫೋನಿನಲ್ಲಿ ಮಾತಾಡುವುದು ಕಡಿಮೆಯಾಯಿತು. ಆಮೇಲೆ ಮದುವೆ ಮನೆಗಳಿಗೆ ಹೋಗುವುದೇ ಕಡಿಮೆಯಾಯಿತು. “ಗಲಾಟೆ ಕಣಮ್ಮ ಅಲ್ಲಿ” ಅನ್ನುತ್ತಿದ್ದರು. ಕಿವಿ ಕೇಳದವರಿಗೆ ಗಲಾಟೆ ಹೇಗೆ ಅಂತ ಕೇಳಬೇಡಿ. ಅದು ನಿಜವಾಗಿಯೂ ಹಾಗೇ.

ಆಡಿಯೋಮೆಟ್ರಿ ಮಾಡಿದ ಹುಡುಗಿ ಗ್ರಾಫ್ ತೋರಿಸಿ ವಿವರಿಸಿದಳು. ಜೋರು ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಮೊದಲು ಹೋಗುವುದು ಸೂಕ್ಷ್ಮವಾದ, ಎತ್ತರದ ಸ್ವರಗಳು. 4000 ಹರ್ಟ್ಸ್ ಸುತ್ತಮುತ್ತ ಗೆರೆ ದಿಢೀರ್ ಅಂತ ಹಳ್ಳಕ್ಕೆ ಬಿದ್ದಿತ್ತು. ಅಂದರೆ ‘ಆ’, ‘ಓ’ ಇವೆಲ್ಲ ಕೇಳುತ್ತವೆ. ‘ಸ’, ‘ಶ’, ‘ತ’, ‘ಕ’ ಇವು ಜಾರಿಹೋಗುತ್ತವೆ. ಮಾತು ಕೇಳುತ್ತದೆ, ಆದರೆ ಏನು ಮಾತು ಅಂತ ತಿಳಿಯುವುದಿಲ್ಲ. ಹಾಗಾಗಿಯೇ ಇಂಥವರು “ಕೇಳಿಸ್ತು ಬಿಡು, ಯಾಕೆ ಕಿರುಚ್ತೀಯ” ಅಂತ ರೇಗುವುದು.

ನಮ್ಮ ಮನೆಯಲ್ಲಿ ಇದರ ದೊಡ್ಡ ಬಲಿ ಅಂದರೆ ಊಟದ ತಟ್ಟೆ. ಭಾನುವಾರ ಅಪ್ಪನೇ ಬಡಿಸುವುದು ರೂಢಿ. ನಾನು “ಸಾಕು ಅಪ್ಪ” ಅಂದರೆ ಅವರಿಗೆ “ಹಾಕು ಅಪ್ಪ” ಅಂತ ಕೇಳುತ್ತದೆ. ಇನ್ನೊಂದು ಸೌಟು. “ಸಾಕು ಸಾಕು!” ಇನ್ನೆರಡು ಸೌಟು. ಒಂದೇ ಒಂದು ‘ಸ’ ಕಳೆದುಹೋಗಿದ್ದಕ್ಕೆ ತಟ್ಟೆಯಲ್ಲಿ ಬೆಟ್ಟ ಎದ್ದಿರುತ್ತದೆ. ನಾವೆಲ್ಲ ನಗುತ್ತೇವೆ. ಅಪ್ಪನೂ ನಗುತ್ತಾರೆ. ಆದರೆ ನಮಗಿಂತ ಅರ್ಧ ಸೆಕೆಂಡ್ ತಡವಾಗಿ. ನಮ್ಮ ಮುಖಗಳನ್ನು ಒಂದು ಸುತ್ತು ನೋಡಿ, ಓಹ್ ಇದು ನಗುವ ವಿಷಯ ಅಂತ ಗೊತ್ತಾದ ಮೇಲೆ.

ಆ ಅರ್ಧ ಸೆಕೆಂಡ್ ಗಮನಿಸಿದ ಮೇಲೆ ನನಗೆ ಅದು ಕಾಣದೇ ಇರುವುದೇ ಇಲ್ಲ. ಮನುಷ್ಯನೊಬ್ಬ ತನ್ನ ಮನೆಯ ಮಾತುಕತೆಯಿಂದಲೇ ಹೊರಗೆ ಜಾರುತ್ತಿರುವುದು ಅಲ್ಲಿ ಕಾಣುತ್ತದೆ. ಅದಕ್ಕೇ ಬಾಲಣ್ಣನ ವಿಷಯ ತಿಳಿದಾಗ ಮೊದಲು ಬಂದ ಪ್ರಶ್ನೆ ಇದು: ಹಾಸ್ಯನಟನ ಕಸುಬೇ ಆ ಅರ್ಧ ಸೆಕೆಂಡಿನದು. ಎದುರಿನವನ ಮಾತು ಮುಗಿದ ತಕ್ಷಣ ಬೀಳಬೇಕು, ಒಂದು ಕೂದಲು ಆಚೀಚೆ ಆದರೂ ಜೋಕ್ ಸತ್ತಿತು. ಕೇಳಿಸದೇ ಅದನ್ನು ಈ ಮನುಷ್ಯ ಐವತ್ತು ವರ್ಷ ಹೇಗೆ ಮಾಡಿದರು?

ಬಾಲಣ್ಣ ಹಾಸನ ಜಿಲ್ಲೆಯ ಅರಸೀಕೆರೆಯವರು. ತೀರಾ ಬಡತನದ ಮನೆ. ಕಾಯಿಲೆ ಬಿದ್ದ ಗಂಡನ ಔಷಧಿಗೆ ದುಡ್ಡಿಲ್ಲದೆ ತಾಯಿ ಈ ಮಗುವನ್ನು ಎಂಟು ರೂಪಾಯಿಗೆ ಬೇರೊಬ್ಬ ದಂಪತಿಗೆ ಕೊಟ್ಟರು ಎಂಬ ಮಾತು ಅವರ ಬಗ್ಗೆ ಬರೆದ ಕಡೆಯೆಲ್ಲ ಬರುತ್ತದೆ. ಓದಿದ್ದು ಹೆಚ್ಚಿಲ್ಲ. ಅಲ್ಲಿಂದ ಅವರು ಸೇರಿದ್ದು ವೃತ್ತಿ ನಾಟಕ ಕಂಪನಿಗಳ ಲೋಕವನ್ನು.

ಕಂಪನಿ ನಾಟಕ ಅಂದರೆ ಏನು ಅಂತ ನಮ್ಮ ವಯಸ್ಸಿನವರಿಗೆ ಸ್ವಲ್ಪ ಹೇಳಬೇಕು. ಆಗಿನ ಕಾಲಕ್ಕೆ ಅದೇ ಸಿನಿಮಾ, ಅದೇ ಟಿವಿ, ಅದೇ ಮೊಬೈಲು. ಒಂದು ಊರಿನಲ್ಲಿ ಕ್ಯಾಂಪ್ ಹಾಕುವುದು, ತಗಡಿನದೋ ಗುಡಾರದ್ದೋ ಥಿಯೇಟರ್ ಕಟ್ಟುವುದು, ಕಲೆಕ್ಷನ್ ಇರುವಷ್ಟು ದಿನ ಆಡುವುದು, ಆಮೇಲೆ ಪರದೆ ಪೆಟ್ಟಿಗೆ ಹೆಂಡತಿ ಮಕ್ಕಳ ಸಮೇತ ಮುಂದಿನ ಊರಿಗೆ. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಅದನ್ನು ದೊಡ್ಡದು ಮಾಡಿದ ಗುಬ್ಬಿ ವೀರಣ್ಣನವರೇ ಮೂಲತಃ ಹಾಸ್ಯನಟರು. ‘ವರ್ಸಟೈಲ್ ಕಮೆಡಿಯನ್’ ಅನ್ನುವುದು ಅವರ ಬಿರುದು. ಕಂಪನಿಯಲ್ಲಿ ಹಾಸ್ಯಗಾರನ ಕೆಲಸ ಬರೀ ನಗಿಸುವುದಲ್ಲ. ಹಿಂದೆ ಅರಮನೆಯ ಸೀನು ತೆಗೆದು ಕಾಡಿನ ಸೀನು ಕಟ್ಟುವ ತನಕ ಮುಂದಿನ ಪರದೆಯ ಎದುರು ನಿಂತು ಜನರನ್ನು ಹಿಡಿದಿಡಬೇಕು. ಒಳಗೆ ಹಗ್ಗ ಸಿಕ್ಕಿಕೊಂಡರೆ ಇವನು ಎಳೆಯಬೇಕು, ಬೇಗ ಮುಗಿದರೆ ತಾನೂ ಮುಗಿಸಬೇಕು. ಮೈಕ್ ಇಲ್ಲ. ‘ಒನ್ಸ್ ಮೋರ್’ ಅಂತ ಕೂಗು ಬಂದರೆ ಇನ್ನೊಮ್ಮೆ.

ಕಿವಿ ಕೇಳದವನು ಅಲ್ಲಿ ಏನು ಮಾಡುತ್ತಾನೆ? ನೋಡುತ್ತಾನೆ. ಬಾಲಣ್ಣ ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತು ಹೇಳುತ್ತಿದ್ದರು ಅನ್ನುವುದು ಅವರ ಜೊತೆ ಕೆಲಸ ಮಾಡಿದವರೆಲ್ಲ ನೆನೆಯುವ ಸಂಗತಿ. ಹಾಗೆ ಮಾಡಬೇಕಾದರೆ ತಮ್ಮ ಮಾತು ಮಾತ್ರ ಬಾಯಿಪಾಠ ಬಂದರೆ ಸಾಲದು. ಎದುರಿನವರ ಮಾತೂ ಗೊತ್ತಿರಬೇಕು. ಯಾವ ಪದಕ್ಕೆ ತುಟಿ ಮುಚ್ಚುತ್ತದೆ, ಎಲ್ಲಿ ಉಸಿರು ತೆಗೆಯುತ್ತಾರೆ, ಎಲ್ಲವೂ. ಇನ್ನು ಪ್ರೇಕ್ಷಕರ ನಗು? ಅದೂ ಕಣ್ಣಿಗೆ ಕಾಣುವಂಥದ್ದೇ. ಮುಂದಿನ ಸಾಲಿನವರ ಭುಜ ಕುಣಿಯುತ್ತದೆ, ಪಕ್ಕದವನ ತೊಡೆಗೆ ಏಟು ಬೀಳುತ್ತದೆ. ಅಪ್ಪ ಊಟದ ಮನೆಯಲ್ಲಿ ನಮ್ಮ ಮುಖ ನೋಡಿ ಮಾಡುವುದನ್ನೇ ಬಾಲಣ್ಣ ಒಂದು ಥಿಯೇಟರಿನಷ್ಟು ಜನರ ಎದುರು ಮಾಡಿದರು. ತಡವಿಲ್ಲದೆ.

ಇಲ್ಲಿ ಒಂದು ಮಾತು. ನಮ್ಮ ಹಾಸ್ಯದಲ್ಲಿ ಕಿವುಡನ ಪಾತ್ರ ಅನ್ನೋದು ತುಂಬಾ ಹಳೇ ಸರಕು. ನಾಟಕ, ಸಿನಿಮಾ, ಈಗ ರೀಲ್ಸ್, ಎಲ್ಲ ಕಡೆ. “ಎಲ್ಲಿಗೆ ಹೋಗ್ತಿದೀಯ” ಅಂದರೆ “ಬದನೆಕಾಯಿ” ಅನ್ನುವ ಥರದ್ದು. ನಾನೂ ನಕ್ಕಿದ್ದೇನೆ, ಈಗಲೂ ಚೆನ್ನಾಗಿದ್ದರೆ ನಗುತ್ತೇನೆ. ಆದರೆ ನಾನು ನೋಡಿದ ಸಿನಿಮಾಗಳಲ್ಲಿ ಬಾಲಣ್ಣ ನಗಿಸುವುದು ತಪ್ಪಾಗಿ ಕೇಳಿಸಿಕೊಂಡಲ್ಲ. ತೀರಾ ಸರಿಯಾಗಿ ಕೇಳಿಸಿಕೊಂಡವನ ಹಾಗೆ. ಎದುರಿನವನ ಸುಳ್ಳು ಬಾಯಿಂದ ಹೊರಡುವ ಮೊದಲೇ ಇವರಿಗೆ ಗೊತ್ತಾಗಿಬಿಟ್ಟಿರುತ್ತದೆ, ಆ ಕಣ್ಣು ನೋಡಿ. ಅವರ ಕುಯುಕ್ತಿಯ ಪಾತ್ರಗಳು ಅಷ್ಟು ಚೆನ್ನಾಗಿ ಬರಲು ಕಾರಣವೂ ಅದೇ ಇರಬೇಕು ಅಂತ ನನ್ನ ಊಹೆ. ಮುಖದಿಂದ ಕಣ್ಣು ತೆಗೆಯದೆ ನಮ್ಮನ್ನೇ ನೋಡುವ ಮನುಷ್ಯನ ಎದುರು ಯಾರಿಗಾದರೂ ಸ್ವಲ್ಪ ಭಯ ಆಗುತ್ತದೆ.

ಅಮೆರಿಕದಲ್ಲಿ ನಮ್ಮ ಕಂಪನಿ ನಾಟಕಕ್ಕೆ ಸೋದರಸಂಬಂಧಿ ಅನ್ನಬಹುದಾದ ಒಂದು ಆಟ ಇತ್ತು, ‘ವಾಡವಿಲ್’ ಅಂತ. 1880ರ ದಶಕದಿಂದ 1930ರ ಹೊತ್ತಿನ ತನಕ ಊರೂರಿನ ಥಿಯೇಟರುಗಳಲ್ಲಿ ಒಂದೇ ಟಿಕೆಟ್‌ಗೆ ಹಾಡು, ಕುಣಿತ, ಜಾದೂ, ನಗೆ ಎಲ್ಲ. ಅದರ ಹಾಸ್ಯಗಾರರಲ್ಲಿ ಎಷ್ಟೋ ಮಂದಿ ವಲಸೆ ಬಂದವರು ಇಲ್ಲವೇ ವಲಸೆ ಬಂದವರ ಮಕ್ಕಳು. ಐರಿಷ್, ಯಹೂದಿ, ಇಟಾಲಿಯನ್, ಜರ್ಮನ್. ಹರುಕು ಮುರುಕು ಇಂಗ್ಲಿಷನ್ನೇ ಬಂಡವಾಳ ಮಾಡಿಕೊಂಡು ನಗಿಸಿದವರು. ಚಾರ್ಲಿ ಚಾಪ್ಲಿನ್ 1910ರಲ್ಲಿ ಅಮೆರಿಕಕ್ಕೆ ಬಂದಿದ್ದೂ ಫ್ರೆಡ್ ಕಾರ್ನೊ ಎಂಬಾತನ ಇಂಗ್ಲಿಷ್ ನಾಟಕ ತಂಡದ ಜೊತೆ ಇಂಥದ್ದೇ ಸ್ಟೇಜುಗಳ ಟೂರಿಗೆ. ಇನ್ನೊಬ್ಬ ಮಹಾನುಭಾವ ಬಸ್ಟರ್ ಕೀಟನ್, ಪುಟ್ಟ ಮಗುವಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ವಾಡವಿಲ್ ಸ್ಟೇಜ್ ಹತ್ತಿದವರು. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದಾಗ ಸೋಂಕು ತಗುಲಿ ಅವರ ಕಿವಿ ಜೀವನಪೂರ್ತಿ ಮಂದವಾಯಿತು.

ಆದರೆ ಕೀಟನ್ ಹೆಸರು ಮಾಡಿದ್ದು ಮೂಕಿ ಚಿತ್ರಗಳಲ್ಲಿ. ಅಲ್ಲಿ ಯಾರಿಗೂ ಏನೂ ಕೇಳಿಸಬೇಕಾಗಿರಲಿಲ್ಲ. ಬಾಲಣ್ಣನಿಗೆ ಆ ಅನುಕೂಲ ಇರಲಿಲ್ಲ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ತೆರೆಗೆ ಬಂದಿದ್ದು 1934ರಲ್ಲಿ. ಬಾಲಣ್ಣ ಸಿನಿಮಾಕ್ಕೆ ಬಂದಿದ್ದು 1943ರ ‘ರಾಧಾರಮಣ’ದಲ್ಲಿ. ಮಾತೇ ಬಂಡವಾಳವಾಗಿದ್ದ ಕಾಲ. ಉದ್ದುದ್ದ ಸಂಭಾಷಣೆ, ಮಾತಿಗೆ ಮಾತು, ಒಗಟಿಗೆ ಉತ್ತರ. ಕಿವಿ ಕೇಳದವನು ಕಾಲಿಡಲೇಬಾರದ ಜಾಗಕ್ಕೆ ಕಾಲಿಟ್ಟು, ಅಲ್ಲಿ ಮಾತಿನಿಂದಲೇ ಹೆಸರು ಮಾಡಿದರು.

ವಲಸೆಯ ಮಾತು ಬಂತು. ಬಾಲಣ್ಣ ಯಾವ ದೇಶದಿಂದಲೂ ವಲಸೆ ಬಂದವರಲ್ಲ. ಆದರೆ ಕನ್ನಡ ಸಿನಿಮಾ ತಾನೇ ಆಗ ವಲಸೆ ಹೋಗಿತ್ತು. ‘ಸತಿ ಸುಲೋಚನ’ದ ಚಿತ್ರೀಕರಣ ಆಗಿದ್ದು ಕೊಲ್ಹಾಪುರದಲ್ಲಿ. ಆಮೇಲಿನ ದಶಕಗಳಲ್ಲಿ ಮದರಾಸು. ಕಂಪನಿ ನಾಟಕದಿಂದ ಬಂದ ನಮ್ಮ ನಟರೆಲ್ಲ ಅಲ್ಲೇ ಬಾಡಿಗೆ ಮನೆ ಮಾಡಿ, ತಮಿಳು ತೆಲುಗು ಚಿತ್ರಗಳು ಬಿಟ್ಟುಕೊಟ್ಟ ಫ್ಲೋರುಗಳಲ್ಲಿ, ಬಿಟ್ಟುಕೊಟ್ಟ ಹೊತ್ತಿನಲ್ಲಿ ಕನ್ನಡ ಮಾತಾಡಬೇಕು. ನಮ್ಮೂರಿಂದ ಬೇರೆ ಊರಿಗೆ ಕೆಲಸಕ್ಕೆ ಹೋದವರಿಗೆ ಗೊತ್ತು ಅದರ ಕಷ್ಟ. ಇವರದ್ದು ಇನ್ನೂ ವಿಚಿತ್ರ. ಕೆಲಸವೇ ತಾಯ್ನುಡಿಯಲ್ಲಿ, ಆದರೆ ಕೆಲಸದ ಜಾಗ ಪರಊರು.

ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು ಬರುತ್ತಿದ್ದ ಆ ದಿನಗಳಲ್ಲಿ ಅವಕಾಶ ಬತ್ತಿದಾಗ ನಾಲ್ಕು ಜನ ಸೇರಿ ಒಂದು ಕೆಲಸ ಮಾಡಿದರು. ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್, ಬಾಲಕೃಷ್ಣ. ನಾಲ್ವರೂ ಕಂಪನಿ ನಾಟಕದಿಂದ ಬಂದವರು. ಸಿನಿಮಾ ಸಿಗದಿದ್ದರೆ ಹಳೇ ಕಸುಬಿದೆಯಲ್ಲ ಅಂತ ಊರೂರಿಗೆ ನಾಟಕ ಆಡಿಕೊಂಡು ಹೊರಟರು. ಕನ್ನಡ ಚಲನಚಿತ್ರ ಕಲಾವಿದರ ಸಂಘ ಅಂತ ಕಟ್ಟಿಕೊಂಡು, 1960ರಲ್ಲಿ ತಾವೇ ನಿರ್ಮಾಪಕರಾಗಿ ‘ರಣಧೀರ ಕಂಠೀರವ’ ತೆರೆಗೆ ತಂದರು. ಮೈಸೂರಿನ ದೊರೆ ಕಂಠೀರವ ನರಸರಾಜ ಒಡೆಯರ್ ಕಥೆ.

1919ರಲ್ಲಿ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್, ಗ್ರಿಫಿತ್ ಎಂಬ ನಾಲ್ವರು ಸೇರಿ ಯುನೈಟೆಡ್ ಆರ್ಟಿಸ್ಟ್ಸ್ ಕಟ್ಟಿದ್ದನ್ನು ಎಲ್ಲ ಫಿಲ್ಮ್ ಕೋರ್ಸ್‌ಗಳಲ್ಲೂ ಹೇಳಿಕೊಡುತ್ತಾರೆ. ಕಲಾವಿದರೇ ಮಾಲೀಕರಾದ ದಿನ ಅಂತ. ನಮ್ಮ ನಾಲ್ವರು ನಾಟಕದ ಗಲ್ಲಾಪೆಟ್ಟಿಗೆ ಹೊತ್ತುಕೊಂಡು ಇದನ್ನು ಮಾಡಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾಲ್ವರಲ್ಲಿ ಇಬ್ಬರು ಹಾಸ್ಯನಟರು ಅನ್ನುವುದನ್ನೂ ಗಮನಿಸಿ. ತಿಪಟೂರಿನ ನರಸಿಂಹರಾಜು ತೆಳ್ಳಗೆ, ಹಲ್ಲು ಕಾಣಿಸಿ, ಮೈಯೆಲ್ಲ ಸ್ಪ್ರಿಂಗು. ಬಾಲಣ್ಣ ನಿಧಾನ, ಎಳೆತ, ಒಂದು ಕಣ್ಣಂಚು. ಇವರಿಬ್ಬರ ಜೋಡಿ ಬಂದರೆ ಕಥೆ ಸ್ವಲ್ಪ ಹೊತ್ತು ನಿಂತರೂ ಪರವಾಗಿಲ್ಲ ಅಂತ ಜನ ಕೂತಿರುತ್ತಿದ್ದರಂತೆ. ನರಸಿಂಹರಾಜು 1979ರಲ್ಲಿ ತೀರಿಕೊಂಡರು, ಇನ್ನೂ ಐವತ್ತೈದು ವರ್ಷಕ್ಕೆ.

ಚಾಪ್ಲಿನ್ ಅಮೆರಿಕಕ್ಕೆ ಬಂದು ಏಳೆಂಟು ವರ್ಷಕ್ಕೆ ಲಾಸ್ ಏಂಜಲೀಸ್‌ನಲ್ಲಿ ತನ್ನದೇ ಸ್ಟುಡಿಯೊ ಕಟ್ಟಿದರು. ಬಾಲಣ್ಣನಿಗೂ ಅದೇ ಹಂಬಲ. ಆಗ ರಾಜ್ಯದಲ್ಲಿ ಸ್ಟುಡಿಯೊ ಅಂದರೆ ಮೈಸೂರಿನ ಪ್ರೀಮಿಯರ್. ಬೆಂಗಳೂರಿನಲ್ಲಿ ಯಶವಂತಪುರದ ಆಚೆ ಸರ್ಕಾರದ ಕಂಠೀರವ ಸ್ಟುಡಿಯೊ 1966ರಲ್ಲಿ ಶುರುವಾಗಿತ್ತು. ರಾಜ್‌ಕುಮಾರ್ ಅವರನ್ನು, ಆಮೇಲೆ ಪುನೀತ್ ಅವರನ್ನು ಮಣ್ಣು ಮಾಡಿದ ಜಾಗ. ಅಲ್ಲಿಗೆ ಸರ್ಕಾರದ ಬಲ ಇತ್ತು. ಬಾಲಣ್ಣ ಒಬ್ಬ ಪೋಷಕ ನಟ. ಹೀರೊಗೆ ಬರುವ ಸಂಭಾವನೆಯೂ ಅಲ್ಲ. 1970ರ ಸುಮಾರಿಗೆ ಮೈಲಸಂದ್ರದಲ್ಲಿ ಸರ್ಕಾರದಿಂದ 20 ಎಕರೆ ಜಮೀನು ಸಿಕ್ಕಿತು. ಆಗ ಕೆಂಗೇರಿ ಅಂದರೆ ಬೆಂಗಳೂರಲ್ಲ, ಮೈಸೂರು ರಸ್ತೆಯಲ್ಲಿ ಸಿಗುವ ಬೇರೆ ಊರು. ಸುತ್ತ ಹೊಲ, ಕುರುಚಲು, ಬಂಡೆ. ಅಲ್ಲಿ ನಿಂತು ಕನ್ನಡ ಸಿನಿಮಾ ಮದರಾಸಿನಿಂದ ಮನೆಗೆ ಬರುತ್ತದೆ, ಬಂದರೆ ಇಲ್ಲಿಗೇ ಬರುತ್ತದೆ ಅಂತ ನಂಬಬೇಕು. ಹುಚ್ಚು ಅನ್ನಿ, ಅಭಿಮಾನ ಅನ್ನಿ. ಅವರು ಹೆಸರನ್ನು ಸರಿಯಾಗೇ ಇಟ್ಟರು.

ಸಿನಿಮಾ ಬಂತು. ಆದರೆ ಅಂದುಕೊಂಡ ಹಾಗೆ ಅಲ್ಲಿಗೆ ಬರಲಿಲ್ಲ. ಎಪ್ಪತ್ತರ ದಶಕದಲ್ಲಿ ಕನ್ನಡ ಚಿತ್ರಗಳು ಫ್ಲೋರ್ ಬಿಟ್ಟು ಮಲೆನಾಡು, ಹಳ್ಳಿ, ನಿಜವಾದ ಮನೆಗಳ ಕಡೆ ಹೊರಟವು. ಬಾಲಣ್ಣನೇ ಇದ್ದ ‘ಬಂಗಾರದ ಮನುಷ್ಯ’ 1972ರಲ್ಲಿ ಬಂದು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಥಿಯೇಟರ್‌ನಲ್ಲಿ ಎರಡು ವರ್ಷಕ್ಕೂ ಹೆಚ್ಚು ಓಡಿತು. ಅದರ ಹೊಲಗದ್ದೆ ನೋಡಿದ ಮೇಲೆ ಯಾರಿಗೆ ಬೇಕು ಹಲಗೆಯಲ್ಲಿ ಕಟ್ಟಿದ ಹಳ್ಳಿ? ಸ್ಟುಡಿಯೊ ಅನ್ನೋದು ನಡೆದರೂ ಖರ್ಚು, ಖಾಲಿ ಬಿದ್ದರೆ ಇನ್ನೂ ಖರ್ಚು. ಲೈಟು, ಕ್ರೇನು, ಕರೆಂಟು, ಕಾವಲು. ದುಡಿದದ್ದನ್ನೆಲ್ಲ ಅದಕ್ಕೆ ಸುರಿದರು, ಸಾಲ ಬೆಳೆಯಿತು, ವಯಸ್ಸಾದ ಮೇಲೂ ಸಿಕ್ಕ ಪಾತ್ರವನ್ನೆಲ್ಲ ಮಾಡಿದರು. 500 ದಾಟಿದ ಆ ಲೆಕ್ಕ ಬರೀ ಜನಪ್ರಿಯತೆಯದ್ದಲ್ಲ ಅಂತ ನನಗೆ ಅನಿಸುವುದು ಇದಕ್ಕೇ. ಇಎಂಐ ಕಟ್ಟುವವರಿಗೆ ಅರ್ಥವಾಗುತ್ತದೆ. 1995ರ ಜುಲೈನಲ್ಲಿ ತೀರಿಕೊಂಡರು.

ಮುಂದಿನದು ನಿಮಗೆ ಗೊತ್ತಿರುವುದೇ. ಜಮೀನಿನ ಬೆಲೆ ಏರಿತು, ಸುತ್ತ ಅಪಾರ್ಟ್‌ಮೆಂಟ್ ಎದ್ದವು, ಮೈಸೂರು ರಸ್ತೆ ಬದಿಯಲ್ಲಿ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಬಂತು, 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು. ಕುಟುಂಬ, ಅಭಿಮಾನಿಗಳು, ಸರ್ಕಾರ, ಕೋರ್ಟು. ವಿಷ್ಣು ಸ್ಮಾರಕ ಅಲ್ಲಿರಬೇಕಿತ್ತೋ ಬೇಡವೋ ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಆ ಅಭಿಮಾನಿಗಳ ನೋವು ನಿಜ. ಮೈಸೂರಿನಲ್ಲಿ 2023ರಲ್ಲಿ ಆದ ಸರ್ಕಾರಿ ಸ್ಮಾರಕ ಅವರ ಪಾಲಿಗೆ ಇದಕ್ಕೆ ಬದಲಿ ಅಲ್ಲ ಅನ್ನುವುದೂ ಅರ್ಥವಾಗುತ್ತದೆ. ನನಗೆ ಚುಚ್ಚುವುದು ಬೇರೆ. ಚಾಪ್ಲಿನ್ ಕಟ್ಟಿದ ಸ್ಟುಡಿಯೊವನ್ನು ಲಾಸ್ ಏಂಜಲೀಸ್ ನಗರ 1969ರಲ್ಲಿ ಚಾರಿತ್ರಿಕ ಸ್ಮಾರಕ ಅಂತ ಗುರುತಿಸಿತು. ಕೈ ಬದಲಾಗುತ್ತಾ ಬಂದರೂ ಕಟ್ಟಡಗಳು ಇವತ್ತಿಗೂ ನಿಂತಿವೆ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬಾಲಣ್ಣ ಮೈಲಸಂದ್ರದ ಬಂಡೆ ಒಡೆಸುತ್ತಿದ್ದಿರಬೇಕು. ಈಗ ಆ ಜಾಗದ ಬಗ್ಗೆ ಎಷ್ಟು ಗಂಟೆ ಚರ್ಚೆ ನಡೆದರೂ ಅದರಲ್ಲಿ ಅವರ ಒಂದು ಹಾಸ್ಯದ ಸೀನು ಕೂಡ ಹಾಕುವುದಿಲ್ಲ.

ಅಪ್ಪನ ಹತ್ತಿರ ಕೇಳಿದೆ. ಮುಖಕ್ಕೆ ಎದುರು ಕೂತು, ನಿಧಾನಕ್ಕೆ. “ಬಾಲಣ್ಣನಿಗೆ ಕಿವಿ ಕೇಳ್ತಿರಲಿಲ್ಲ ಅಂತ ನಿನಗೆ ಗೊತ್ತಿತ್ತಾ ಅಪ್ಪಾ?”

“ಎಲ್ಲರಿಗೂ ಗೊತ್ತಿತ್ತಲ್ಲ!” ಅಂದರು, ಇದೇನು ಹೊಸದು ಅನ್ನುವ ಹಾಗೆ. “ಅದಕ್ಕೇನೀಗ? ಅವನು ಮಾತಾಡೋದು ನೋಡಿದೀಯಾ?” ಆ ತಲೆಮಾರಿನ ಅಭಿಮಾನಿಗಳಿಗೆ ನಟರೆಲ್ಲ ‘ಅವನೇ’. ಅದು ಸಲಿಗೆ, ಅಗೌರವ ಅಲ್ಲ.

ಅಪ್ಪನ ಕಿವಿಗೆ ಮಷೀನು ಕೊಡಿಸಿದ್ದೇವೆ. ಒಂದು ಜೊತೆಗೆ ನನ್ನ ಒಂದು ತಿಂಗಳ ಸಂಬಳ. ಅದು ಹೆಚ್ಚಿನ ಕಾಲ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿರುತ್ತದೆ. ಹಾಕಿಕೊಂಡರೆ ಕುಕ್ಕರ್ ವಿಶಿಲ್ ಸೈರನ್ ಥರ ಕೇಳುತ್ತದಂತೆ, ನ್ಯೂಸ್‌ಪೇಪರ್ ಮಡಿಸಿದರೆ ತಗಡು ಹರಿದ ಹಾಗೆ. ಮೂವತ್ತು ವರ್ಷ ತಗಡಿನ ಸದ್ದು ಕೇಳಿದ ಮನುಷ್ಯನಿಗೆ ಇದನ್ನು ಅಭ್ಯಾಸ ಮಾಡಿಕೋ ಅಂತ ಹೇಳುವುದು ಕಷ್ಟ. ಹೇಳುತ್ತಲೇ ಇದ್ದೇವೆ. ದಿನಕ್ಕೆ ಒಂದು ಗಂಟೆ ಅಂತ ಒಪ್ಪಂದ ಆಗಿದೆ.

ಹೋದ ಭಾನುವಾರ ಯೂಟ್ಯೂಬಿನಲ್ಲಿ ‘ಬಂಗಾರದ ಮನುಷ್ಯ’ ಹುಡುಕಿ ಟಿವಿಗೆ ಹಾಕಿದೆ. ಮಷೀನು ಡ್ರಾಯರ್‌ನಲ್ಲೇ ಇತ್ತು. ನಾನು ಸಿನಿಮಾ ನೋಡಲಿಲ್ಲ, ಅಪ್ಪನನ್ನು ನೋಡುತ್ತಿದ್ದೆ. ಚಿಕ್ಕಂದಿನಲ್ಲಿ ಒಮ್ಮೆ, ಆಮೇಲೆ ಮತ್ತೆ ಬಿಡುಗಡೆ ಆದಾಗಲೆಲ್ಲ ನೋಡಿದ ಚಿತ್ರ ಅದು. ರಾಚೂಟಪ್ಪ ಬಂದ. ಅಪ್ಪ ಸೋಫಾದ ತುದಿಗೆ ಬಂದು ಕೂತರು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಎದುರಿನವರ ಮಾತನ್ನೂ ಅಪ್ಪನೇ ಹೇಳಿಕೊಳ್ಳುತ್ತಿದ್ದರು, ಒಂದು ಪದ ಬಿಡದೆ. ಬಾಲಣ್ಣನ ಮಾತಿನ ಸರದಿ ಬಂತು. ಅಪ್ಪ ನಕ್ಕರು. ಆಮೇಲೆ ಬಾಲಣ್ಣ ಮಾತಾಡಿದರು, ಆಮೇಲೆ ನಾನೂ ಅಮ್ಮನೂ ನಕ್ಕೆವು. ಈ ಸಲ ಅರ್ಧ ಸೆಕೆಂಡ್ ಹಿಂದೆ ಬಿದ್ದವರು ನಾವು.

ಇಡೀ ಚಿತ್ರ ಹಾಗೇ ಆಯಿತು. ನಮ್ಮ ಮುಖ ನೋಡಲು ಅಪ್ಪ ಒಂದು ಸಲವೂ ತಿರುಗಲಿಲ್ಲ.

ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ಅಪ್ಪ ರಿಮೋಟ್ ನನ್ನ ಕೈಗಿಟ್ಟು, “ಬಾಲಣ್ಣಂದು ಇನ್ನೊಂದು ಹಾಕು ಪುಟ್ಟಿ” ಅಂದರು.

ಅಡುಗೆ ಮನೆಯಿಂದ ಅಮ್ಮ ಕೂಗಿದರು. “ಸಾಕಾಯ್ತಾ? ಹಾಗಾದ್ರೆ ಏಳಿ ಊಟಕ್ಕೆ.”